ಒಂದು ಬಸ್ಸಿಗಾಗುವಷ್ಟು ನೆರಳುಗಳು

ಬಲಗೈಯಲ್ಲಿ ಊಟ ಮಾಡುತ್ತ ಎಡಗೈಯಲ್ಲಿ ಕಾದಂಬರಿ ಬರೆದು ಮುಗಿಸಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಎಲೆಗೆ ಸಾರು ಬೀಳುವಾಗ ಕೊಲೆಯಾಗುತ್ತಿತ್ತು, ಹಪ್ಪಳ ಮುರಿಯುವಾಗ ಪತ್ತೇದಾರ ಬರುತ್ತಿದ್ದ, ಮಜ್ಜಿಗೆಗೆ ಅನ್ನ ಕಲಸುವಷ್ಟರಲ್ಲಿ ಕೊಲೆಗಾರನ ಕೈಗೆ ಕೋಳ ಬಿದ್ದಿರುತ್ತಿತ್ತು. ಕೈ ತೊಳೆದು ಬಂದು 'ಮುಗಿಯಿತು' ಎಂದು ಬರೆದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಹಬ್ಬದ ದಿನ ಪಾಯಸವಿದ್ದರೆ ಕೊನೆಯಲ್ಲಿ ಒಂದು ಮದುವೆಯನ್ನೂ ಸೇರಿಸುತ್ತಿದ್ದೆ. ನಾನು ಬರೆದದ್ದನ್ನೆಲ್ಲ ಹಿತ್ತಿಲಲ್ಲಿ ಒಂದರ ಮೇಲೊಂದು ಪೇರಿಸಿದಾಗ ಹಾರುತ್ತಿದ್ದ ಹದ್ದುಗಳು ಡಿಕ್ಕಿ ಹೊಡೆದು ಕೆಳಗೆ ಬಿದ್ದವು. ನೀವು ನಂಬದಿದ್ದರೆ ಬೇಡ. ಬಿದ್ದ ಹದ್ದುಗಳಿಗೆ ನೀರು ಕುಡಿಸಿದವನು ನಾನು, ನೀವಲ್ಲ.

ಇಷ್ಟನ್ನೂ ಒಬ್ಬನೇ ಬರೆದೆನೆಂದು ತಿಳಿದರೆ ಓದುಗರು ಹೆದರಿಕೊಂಡಾರೆಂದು ಬೇರೆ ಬೇರೆ ಹೆಸರು ಇಟ್ಟುಕೊಂಡೆ. ಪತ್ತೇದಾರಿಗೆ ಜಯಸಿಂಹ ಬಲ್ಲಾಳ. ದೆವ್ವ, ಮಾಟ, ಸ್ಮಶಾನಗಳಿಗೆ ಭೈರವಾಚಾರ್ಯ. ಒಲೆಯ ಮೇಲೆ ಹಾಲು ಉಕ್ಕಿದರೂ ಹೆಂಗಸರು ಕೆಳಗಿಡಲಾರದ ಪ್ರೇಮಕಥೆಗಳಿಗೆ ಕುಮಾರಿ ಮಂದಾಕಿನಿ. ಮುಖ್ಯರಾದವರು ಈ ಮೂವರು. ಉಳಿದ ಸಣ್ಣಪುಟ್ಟವರನ್ನೂ ಸೇರಿಸಿದರೆ ಒಂದು ಬಸ್ಸು ಭರ್ತಿ, ನಿಂತವರು ಬೇರೆ. ಇನ್ನು ನನ್ನ ಸ್ವಂತ ಹೆಸರು. ಅದು ಎಷ್ಟು ಗಂಭೀರವಾದ ಹೆಸರೆಂದರೆ, ಹಳೆಯ ಕಾಲವಾಗಿದ್ದರೆ ಅದನ್ನು ಇಟ್ಟುಕೊಳ್ಳಲು ರಾಜರು ನಮ್ಮ ಮನೆಯ ಮುಂದೆ ಸಾಲುಗಟ್ಟುತ್ತಿದ್ದರು. ಅಂಥದ್ದನ್ನು ಕೊಲೆ ದರೋಡೆಗಳ ಮೇಲೆ ಅಂಟಿಸಿ ಸವೆಸುವುದೇಕೆಂದು ಎತ್ತಿಟ್ಟಿದ್ದೆ.

ಬೇರೆ ಊರಾಗಿದ್ದರೆ ಇದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ನಮ್ಮೂರಿನಲ್ಲಿ ಹೆಸರಿಗೊಂದು ನೆರಳು. ಹುಟ್ಟಿದ ಕೂಸಿಗೆ ನೆರಳಿರುವುದಿಲ್ಲ. ನಾಮಕರಣದ ದಿನ ಕಿವಿಯಲ್ಲಿ ಹೆಸರು ಹೇಳಿ ಅಂಗಳಕ್ಕೆ ತಂದಾಗ ಬೆಕ್ಕಿನ ಮರಿಯಷ್ಟು ಕಪ್ಪು ನೆಲದ ಮೇಲೆ ಬೀಳುತ್ತದೆ, ಅಜ್ಜಿಯರು ಸಕ್ಕರೆ ಹಂಚುತ್ತಾರೆ. ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಟ್ಟ ಹೆಣ್ಣುಮಕ್ಕಳು ಎರಡು ನೆರಳು ಎಳೆದುಕೊಂಡು ನೀರಿಗೆ ಬರುತ್ತಾರೆ. ತವರಿಗೆ ಹೊರಟ ದಿನ ಹಳೆಯದು ಒಂದು ಹೆಜ್ಜೆ ಮುಂದೆ ಹೋಗುತ್ತಿರುತ್ತದೆ. ಮುದ್ದಿನ ಹೆಸರಿದ್ದವರಿಗೆ ಮೊಣಕಾಲೆತ್ತರದ ತೆಳ್ಳನೆಯದೊಂದು ಹೆಚ್ಚಿಗೆ. ನಮ್ಮ ಪೊಲೀಸರು ಕಳ್ಳನನ್ನು ಹಿಡಿದರೆ ಹೊಡೆಯುವುದಿಲ್ಲ, ಬಿಸಿಲಿಗೆ ನಿಲ್ಲಿಸಿ ನೆರಳು ಎಣಿಸುತ್ತಾರೆ. ಆದ್ದರಿಂದಲೇ ನಮ್ಮಲ್ಲಿ ಸಂತೆ ಸೇರುವುದು ಮಟಮಟ ಮಧ್ಯಾಹ್ನ, ನೆರಳುಗಳೆಲ್ಲ ಪಾದದಡಿಗೆ ಮುದುರಿಕೊಂಡಿರುವ ಹೊತ್ತಿನಲ್ಲಿ. ನೆತ್ತಿ ಸುಡುವ ಬಿಸಿಲಲ್ಲಿ ಬದನೆಕಾಯಿ ಆರಿಸುತ್ತಿರುವವರಲ್ಲಿ ಅರ್ಧ ಜನಕ್ಕೆ ಮುಚ್ಚಿಡುವುದು ಏನೋ ಇರುತ್ತದೆ. ಉಳಿದರ್ಧ ಅದೇನೆಂದು ನೋಡಲು ಬಂದವರು.

ಬಲ್ಲಾಳನ ಮೊದಲ ಪುಸ್ತಕ ಅಂಗಡಿಗೆ ಬಂದ ಮರುದಿನ ಬೆಳಿಗ್ಗೆ ರಸ್ತೆಗೆ ಇಳಿದವನು ನಡುರಸ್ತೆಯಲ್ಲಿ ಕಂಬದಂತೆ ನಿಂತುಬಿಟ್ಟೆ. ನನ್ನ ನೆರಳಿನ ಪಕ್ಕದಲ್ಲಿ ಟೋಪಿ ಹಾಕಿಕೊಂಡ ಇನ್ನೊಬ್ಬ. ನಾನು ಜನ್ಮದಲ್ಲಿ ಟೋಪಿ ಹಾಕಿದವನಲ್ಲ. ಓಡಿದೆ, ಅವನೂ ಓಡಿದ, ಟೋಪಿ ಬೀಳಲಿಲ್ಲ. ಏದುಸಿರು ಬಿಡುತ್ತ 'ಮಿಂಚುಳ್ಳಿ ಪಾಕೆಟ್ ಪುಸ್ತಕ'ದ ಬಾಗಿಲಿಗೆ ಬಂದರೆ ಮಾಲೀಕರಾದ ಸೀತಾಪತಿ ಶೆಟ್ಟರು ನನ್ನ ಮುಖ ನೋಡಲಿಲ್ಲ. ನೆಲ ನೋಡಿ ಎರಡೂ ಕೈ ಎತ್ತಿ ಕುಣಿದರು.

"ಬಿತ್ತಲ್ಲ ಸ್ವಾಮಿ, ಬಿತ್ತು! ಹೆಸರು ಕಚ್ಕೊಂತು ಅಂತ ಅರ್ಥ. ಎರಡ್ನೇ ಮುದ್ರಣಕ್ಕೆ ಇವತ್ತೇ ಕಾಗದ ತರಿಸ್ತೀನಿ. ನೀವು ಸ್ವಲ್ಪ ಹೀಗೆ ಪಕ್ಕಕ್ಕೆ ನಿಂತ್ಕೊಳ್ಳಿ, ಹೋಗಿ ಬರೋರಿಗೆ ಕಾಣ್ಲಿ."

ಅಂದಿನಿಂದ ಅದೇ ನನ್ನ ನೌಕರಿಯ ಇನ್ನರ್ಧವಾಯಿತು. ನಮ್ಮೂರ ಪ್ರಕಾಶಕರು ಭಿತ್ತಿಪತ್ರ ಅಂಟಿಸುವುದಿಲ್ಲ. ಬೆಳಗಿನ ಬಿಸಿಲಲ್ಲೂ ಇಳಿಹೊತ್ತಿನ ಬಿಸಿಲಲ್ಲೂ ಬರಹಗಾರನನ್ನು ಅಂಗಡಿಯ ಮುಂದೆ ನಿಲ್ಲಿಸುತ್ತಾರೆ. ಜನ ನೆರಳಿನ ಉದ್ದ ನೋಡಿ ಪುಸ್ತಕ ಕೊಳ್ಳುತ್ತಾರೆ. ಭೈರವಾಚಾರ್ಯನದು ಬಿದ್ದ ದಿನ, ಬಿಚ್ಚಿದ ಜಟೆಯ ಆ ಆಕಾರ ಕಂಡು ಎದುರುಮನೆಯ ಹಸು ಕೆಚ್ಚಲು ಬಿಗಿಹಿಡಿದದ್ದು ಬಿಡಲೇ ಇಲ್ಲ. ಹಾಲು ಮೂರು ತಿಂಗಳಾದ ಮೇಲೆ ನೇರವಾಗಿ ಮೊಸರಾಗಿಯೇ ಬಂತು. ಆದರೆ ಬೀದಿಗೆ ಬೀದಿಯೇ ದಂಗಾದದ್ದು ಮಂದಾಕಿನಿ ಬಿದ್ದಾಗ. ಮೊಣಕಾಲು ಮುಟ್ಟುವ ಜಡೆ, ಕಿವಿಯ ಹಿಂದೆ ಹೂವು, ನಡೆದರೆ ಸೊಂಟದಲ್ಲೊಂದು ಬಳುಕು. ಪಕ್ಕದ ಮನೆಯ ಜಲಜಾಕ್ಷಮ್ಮ ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದವರು ಸಂಡಿಗೆ ಹಿಟ್ಟನ್ನು ಕೈತಪ್ಪಿ ಕೆಳಗೆ ಬಿಟ್ಟರು. ಅದು ಬಿದ್ದದ್ದು ಅವರ ಯಜಮಾನರ ಬೋಳುತಲೆಯ ಮೇಲೆ.

"ಅಯ್ಯೋ ಕೆಂಪಾಜಿ, ಬೇಗ ಬಾರೇ ಹೊರಗೆ! ನಿಮ್ಮನೆಯೋರ ಪಕ್ಕ ಜಡೆ ಹಾಕ್ಕೊಂಡು ಬರ್ತಿರೋಳು ಯಾರೇ?"

ನನ್ನ ಹೆಂಡತಿ ಕೆಂಪಾಜಮ್ಮ ಕಸಪೊರಕೆ ಹಿಡಿದು ಹೊರಗೆ ಬಂದಳು. ನನ್ನನ್ನು ನೋಡಿದಳು, ನೆಲವನ್ನು ನೋಡಿದಳು.

"ಕೆಲಸದೋಳು," ಎಂದಳು. "ಅನ್ನ ಹಾಕ್ಬೇಕಾಗಿಲ್ಲ, ಸೀರೆ ಕೇಳಲ್ಲ, ಮನೆಗೆ ನಾಲ್ಕು ಕಾಸು ತರ್ತಾಳೆ. ನಿಮ್ಮನೇಗೂ ಒಬ್ಳು ಬೇಕಿದ್ರೆ ಹೇಳಿ ಅಕ್ಕಾ."

ಹೀಗೆ ಜನ ಒಗ್ಗಿಕೊಂಡರು. ಬೇಸಿಗೆಯಲ್ಲಿ ನಾನು ಎಲ್ಲಿ ನಿಂತರೂ ಅಲ್ಲಿ ನಾಲ್ಕು ಜನ ಬಂದು ಕೂರುತ್ತಿದ್ದರು, ಅಷ್ಟು ತಂಪು. ಕಲಾಯಿ ಹಾಕುವವನು ತನ್ನ ತಿದಿಯನ್ನು ಬಲ್ಲಾಳನ ಎದೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ಬಸ್ಸು ಹತ್ತಿದರೆ ಕಂಡಕ್ಟರು ನೆಲ ನೋಡಿ, ತಲೆ ಕೆರೆದುಕೊಂಡು, "ಎಲ್ಲರದೂ ಒಂದೇ ಚೀಟಿ ಹರಿತೀನಿ ಸಾರ್, ಆದ್ರೆ ಆಯಮ್ಮನ್ನ ಲೇಡೀಸ್ ಸೀಟ್ ಕಡೆ ಕಳ್ಸಿ" ಎನ್ನುತ್ತಿದ್ದ. ಜಲಜಾಕ್ಷಮ್ಮ ಮಾತ್ರ ಸಂಡಿಗೆ ಒಣಗುತ್ತಿಲ್ಲವೆಂದು ದಿನಾ ಕೂಗುತ್ತಿದ್ದರು: "ರೀ ಸ್ವಾಮಿ, ನಿಮ್ಮ ಪರಿವಾರನ ಸ್ವಲ್ಪ ಆ ಕಡೆ ಸರಿಸ್ರೀ!" ಅವರ ಬಾಯಲ್ಲಿ ನಾನು 'ಸ್ವಾಮಿ', ಶೆಟ್ಟರ ಬಾಯಲ್ಲೂ 'ಸ್ವಾಮಿ', ಓದುಗರಿಗೆ ಅವರವರು ಓದಿದ್ದರ ಮೇಲೆ 'ಬಲ್ಲಾಳರೇ', 'ಆಚಾರ್ಯರೇ', 'ಮಂದಾಕಿನಿಯವರೇ'. ಮನೆಯಲ್ಲಿ 'ರೀ'. ಎಲ್ಲಕ್ಕೂ ಓಗೊಡುತ್ತಿದ್ದೆ. ಅಷ್ಟು ಹೆಸರಿಗೆ ಓಗೊಡುವ ಕಂಠ ಈ ಸೀಮೆಯಲ್ಲಿ ಯಾರಿಗೂ ಇರಲಿಲ್ಲವೆಂದು ವೈದ್ಯರೇ ಬರೆದುಕೊಟ್ಟಿದ್ದಾರೆ.

ಇಂಥ ವೈಭವದ ನಡುವೆ ಶ್ರಾವಣದ ಮೊದಲ ಶುಕ್ರವಾರ ಕೆಂಪಾಜಮ್ಮ ಜಲಜಾಕ್ಷಮ್ಮನ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಳು. ಹೋದಷ್ಟೇ ಬೇಗ ಹಿಂತಿರುಗಿದಳು. ಚಪ್ಪಲಿ ಬಿಡದೆ ಹೊಸಿಲು ದಾಟಿದಳು. ಅದನ್ನು ಕಂಡಾಗಲೇ ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಅವಳು ದೇವರ ಪಟವನ್ನು ಮರೆತಾಳು, ಚಪ್ಪಲಿ ಬಿಡುವುದನ್ನು ಮರೆಯುವವಳಲ್ಲ.

"ಎದ್ದೇಳಿ."

"ಕೊಲೆ ನಡೀತಿದೆ ಕಣೆ, ಒಂದು ನಿಮಿಷ."

"ನಡೀಲಿ. ಸತ್ತೋನು ಎಲ್ಲಿಗೂ ಎದ್ದೋಗಲ್ಲ. ಅಂಗಳಕ್ಕೆ ಬನ್ನಿ."

ಅಂಗಳದಲ್ಲಿ ಇಳಿಬಿಸಿಲು. ನಾನು ನಿಂತೆ. ಬಲ್ಲಾಳ ತುಳಸಿಕಟ್ಟೆಯನ್ನು ಹತ್ತಿ ಗೋಡೆಯವರೆಗೆ ಹೋದ. ಭೈರವಾಚಾರ್ಯ ಬಾವಿಯೊಳಕ್ಕೆ ಇಳಿದ. ಮಂದಾಕಿನಿ ಅಡುಗೆಮನೆಯ ಗೋಡೆಗೆ ಒರಗಿ ಜಡೆ ಸರಿಮಾಡಿಕೊಂಡಳು. ಉಳಿದವರು ಸಂದಿಗೊಂದಿಗಳಲ್ಲಿ ಒಬ್ಬರ ಮೇಲೊಬ್ಬರು.

"ಇದ್ರಲ್ಲಿ ನೀವ್ಯಾರು?" ಎಂದು ಕೇಳಿದಳು.

"ಇಲ್ಲೇ ಎಲ್ಲೋ ಇರ್ಬೇಕು."

ಕೈ ಎತ್ತಿ ನೋಡಿದೆ. ಎಲ್ಲರೂ ಕೈ ಎತ್ತಿದರು. ಒಂದು ಹೆಜ್ಜೆ ಬದಿಗಿಟ್ಟೆ. ಎಲ್ಲರೂ ಬದಿಗೆ ಬಂದರು. ಕೊನೆಗೆ ಅವಳೇ ಬಗ್ಗಿ, ನನ್ನ ಹಿಮ್ಮಡಿಯ ಹತ್ತಿರ ಬೆರಳಿಟ್ಟು ತೋರಿಸಿದಳು. ಹಿಂಡಿ ಹಾಕಿದ ಬಟ್ಟೆಯಿಂದ ಸೋರಿದ ನೀರು ಆರುವಾಗ ಕಲ್ಲಿನ ಮೇಲೆ ಉಳಿಯುತ್ತದಲ್ಲ, ಅಂಥದೊಂದು ಕಲೆ. ಅದಕ್ಕೆ ತಲೆಯಿರಲಿಲ್ಲ.

ಜಲಜಾಕ್ಷಮ್ಮ ಕುಂಕುಮದ ಬಟ್ಟಲು ಹಿಡಿದು ಸಾಲಿನಲ್ಲಿ ಬಂದವರು ಇವಳ ಮುಂದೆ ನಿಂತರಂತೆ. ಬೆರಳು ಬಟ್ಟಲಿಗೆ ಹೋಗಿ ಹಾಗೇ ಹಿಂದಕ್ಕೆ ಬಂತಂತೆ. "ತಪ್ಪು ತಿಳ್ಕೋಬೇಡ ಕೆಂಪಾಜಿ. ಬೆಳಿಗ್ಗೆ ಮಹಡಿಯಿಂದ ನೋಡ್ದೆ. ನಿಮ್ಮೋರ ಸ್ವಂತ ನೆರಳು ಕಾಣ್ಲಿಲ್ಲ. ಮನೇಲಿ ಒಂದ್ಸಲ ನೋಡ್ಕೊಂಡು ಬಾ." ಎಂದು ಪಕ್ಕದವಳ ಹಣೆಗೆ ಹೋದರಂತೆ. ಅವರನ್ನು ಬೈಯುವಂತಿರಲಿಲ್ಲ. ದಿನಸಿ ಅಂಗಡಿಯ ಹಿರಿಯರೊಬ್ಬರು ಸನ್ಯಾಸ ತೆಗೆದುಕೊಂಡು ಹೊಸ ಹೆಸರು ಪಡೆದ ದಿನ, ಹಳೆಯ ನೆರಳು ಸ್ನಾನಘಟ್ಟದ ಮೇಲೆಯೇ ಕಳಚಿ ಬಿದ್ದಿತ್ತು. ಮನುಷ್ಯ ಕಣ್ಣೆದುರಿಗೆ ಗಟ್ಟಿಮುಟ್ಟಾಗಿ ನಡೆದು ಹೋಗುತ್ತಿದ್ದಂತೆಯೇ ಅವರ ಹೆಂಡತಿಯ ಕುಂಕುಮ ಅಳಿಸಿದ್ದರು. ಕಿವಿಯಲ್ಲಿ ಹೇಳಿದ ಹೆಸರಿನ ನೆರಳು ಹೋದರೆ ನಮ್ಮೂರಿನ ಲೆಕ್ಕದಲ್ಲಿ ಆ ಮನುಷ್ಯ ಇಲ್ಲ.

"ನಮ್ಮಪ್ಪ ಧಾರೆ ಎರೆದು ಕೊಟ್ಟಿದ್ದು ಬಲ್ಲಾಳನಿಗಲ್ಲ, ಆ ಜಟೆ ಬಿಟ್ಕೊಂಡೋನಿಗೂ ಅಲ್ಲ," ಎಂದಳು ಕೆಂಪಾಜಮ್ಮ. ಇನ್ನೂ ನೆಲದ ಮೇಲೇ ಕೂತಿದ್ದಳು. "ಇವನಿಗೆ. ಗೌರಿ ಹಬ್ಬದೊಳಗೆ ಇವನು ಎದ್ದು ನಿಲ್ದಿದ್ರೆ ನನ್ನನ್ನ ಯಾರೂ ಬಾಗಿನಕ್ಕೆ ಕರೆಯಲ್ಲ. ಎದುರುಗಡೆ ಗಂಡ ಕೂತು ಮುದ್ದೆ ಉಣ್ತಿರ್ತಾನೆ, ನಾನು ಬೋಳು ಹಣೇಲಿ ಬಡಿಸ್ತಿರ್ಬೇಕು. ಅಷ್ಟೊಂದ್ ಬರೀತೀರಲ್ಲ, ಒಂದೇ ಒಂದು ನಿಮ್ಮ ಹೆಸರಲ್ಲಿ ಬರೀರಿ. ಚಿಕ್ಕದಾದ್ರೂ ಸಾಕು."

"ಚಿಕ್ಕದ್ಯಾಕೆ? ಎತ್ತಿನ ಗಾಡೀಲಿ ಹೇರೋವಷ್ಟು ದೊಡ್ಡದು ಬರೀತೀನಿ," ಎಂದೆ. ನಗಲಿಲ್ಲ ಅವಳು.

ಮರುದಿನವೇ ಶೆಟ್ಟರ ಹತ್ತಿರ ಹೋದೆ.

"ಶೆಟ್ಟರೇ, ಮುಂದಿನ ಪುಸ್ತಕ ನನ್ನ ಹೆಸರಲ್ಲಿ ಬರ್ಬೇಕು."

"ಅದಕ್ಕೇನ್ ಸ್ವಾಮಿ. ಯಾವ ನಿಮ್ಮ ಹೆಸರು?"

"ನನ್ನದೇ. ಅಪ್ಪ ಅಮ್ಮ ಇಟ್ಟದ್ದು."

ಶೆಟ್ಟರು ಕಾಫಿಯ ಲೋಟ ತುಟಿಗಿಟ್ಟುಕೊಂಡೇ ಯೋಚಿಸಿದರು. ಇಷ್ಟು ವರ್ಷವಾಗಿ ಅದನ್ನು ಕೇಳಿದ ನೆನಪು ಅವರಿಗೆ ಇರಲಿಲ್ಲ. "ಏನದು? ಹೇಳಿ, ಕೇಳಣ."

ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಆ ಹೆಸರಿನ ತೇಜಸ್ಸು ತಡೆಯಲಾರದೆ ಕಾಫಿ ಅವರ ನೆತ್ತಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದರು. "ಸ್ವಾಮಿ, ಆ ಹೆಸರಲ್ಲಿ ಬೇಕಾದ್ರೆ ಹಿಟ್ಟಿನ ಗಿರಣಿ ಹಾಕಿ, ನಾನೇ ರಿಬ್ಬನ್ ಕತ್ತರಿಸ್ತೀನಿ. ಪುಸ್ತಕ ಬೇಡ." ಬೆಲೆಬಾಳುವ ಹೆಸರು ಅಗ್ಗದ ಪುಸ್ತಕದ ಮೇಲೆ ಬೇಡವೆಂಬುದು ಅವರ ಅಭಿಪ್ರಾಯವೆಂದು ನಾನು ತಿಳಿದುಕೊಂಡೆ. ಆದರೂ ಬಿಡಲಿಲ್ಲ. "ಬರ್ಕೊಂಡು ಬನ್ನಿ, ಓದಿ ನೋಡಣ" ಎನ್ನಿಸಿಕೊಂಡೇ ಎದ್ದೆ.

ಮುಂದಿನದನ್ನು ಹೇಳಿದರೆ ನಿಮ್ಮ ಕೂದಲು ನೆಟ್ಟಗಾಗುತ್ತದೆ. ನನ್ನ ತಾಯಿಯ ಬಗ್ಗೆ ಬರೆಯಲು ಕುಳಿತೆ. ಶಾಯಿ ಸೀಸೆಯಲ್ಲೇ ಕೊತಕೊತ ಕುದಿಯಿತು. ಕೆಂಪಾಜಮ್ಮ ಅದರ ಹಬೆಯಲ್ಲಿ ಇಡ್ಲಿ ಬೇಯಿಸಿದಳು. ಶೆಟ್ಟರು ಮೊದಲ ಪುಟ ಓದಿ ಕಾಲಿಗೆ ಬಿದ್ದರು, ಕೊನೆಯ ಪುಟ ಮುಗಿಯುವವರೆಗೆ ಏಳಲಿಲ್ಲ. ಹೊದಿಕೆಯ ಮೇಲೆ ನನ್ನ ಹೆಸರು, ಕುರುಡರೂ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ. ಪುಸ್ತಕ ಬಂದ ದಿನ ಸಾಲು ಮಿಂಚುಳ್ಳಿಯಿಂದ ಹೊರಟು, ಹೊಳೆ ದಾಟಿ, ಪಕ್ಕದೂರನ್ನು ಸುತ್ತಿ ಹಿಂದಿನ ಬಾಗಿಲಿಗೆ ಬಂತು. ಓದಿದವರು ಅತ್ತ ಅಳುವಿಗೆ ಹೊಳೆಯಲ್ಲಿ ನೀರೇರಿ ಸೇತುವೆ ಮುಳುಗಿತು. ಮತ್ತು ನನ್ನ ನೆರಳು! ಗಾಡಿಯ ಕೀಲೆಣ್ಣೆ ಚೆಲ್ಲಿದಂತೆ ಕಪ್ಪಗೆ, ದಪ್ಪಗೆ, ಎದ್ದು ನಿಂತಿತು. ಹೊಂಡವೆಂದು ತಿಳಿದು ಸೈಕಲ್ಲಿನವನೊಬ್ಬ ಬ್ರೇಕ್ ಹಾಕಿ ಮಗುಚಿಕೊಂಡ. ಬಲ್ಲಾಳ, ಆಚಾರ್ಯ, ಮಂದಾಕಿನಿ ಎಲ್ಲರೂ ಅದರ ಹಿಂದೆ ಕೈಕಟ್ಟಿ ಸಾಲಾಗಿ ನಿಂತರು. ಜಲಜಾಕ್ಷಮ್ಮ ಕುಂಕುಮದ ಬಟ್ಟಲಲ್ಲ, ಕೊಪ್ಪರಿಗೆಯನ್ನೇ ಹೊತ್ತುಕೊಂಡು ಬಂದು, "ನನ್ನ ಕಣ್ಣಿಗೆ ಪೊರೆ ಬಂದಿತ್ತು ಕಣೇ ತಾಯಿ" ಎಂದು ಕೆಂಪಾಜಮ್ಮನ ಹಣೆ, ಕೆನ್ನೆ, ಮೂಗು ಎಲ್ಲ ಕೆಂಪು ಮಾಡಿದರು.

ಇಲ್ಲಿಗೆ ಮುಗಿಯಿತೆಂದು ಬರೆದು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಬೆನ್ನ ಹಿಂದೆ ಮೊರದ ಸದ್ದು ನಿಂತಿತು. ಕೆಂಪಾಜಮ್ಮ ಅಕ್ಕಿ ಆರಿಸುತ್ತ ಅದೆಷ್ಟು ಹೊತ್ತಿನಿಂದ ಓದುತ್ತಿದ್ದಳೋ.

"ಇಡ್ಲಿ ಬೇಯಿಸಿದ್ನಾ ನಾನು?"

"ಅದು ಒಂದು ಸೊಗಸಿಗೆ..."

"ಆಗ್ಲಿ. ಆ ಪುಸ್ತಕ ಎಲ್ಲಿ? ನಿಮ್ಮ ಹೆಸರಿರೋದು. ಮನೇಲಿ ಒಂದು ಪ್ರತಿ ಇರ್ಬೇಕಲ್ಲ, ತೋರ್ಸಿ."

"ಎಲ್ಲಾ ಖರ್ಚಾಗೋಯ್ತು."

"ಹಂಗಾ. ಹೋಗ್ಲಿ, ಇದನ್ನ ಯಾವ ಹೆಸರಲ್ಲಿ ಕಳಿಸ್ತಿದ್ದೀರಿ?"

ನಾನು ಕಾಗದಗಳನ್ನು ಜೋಡಿಸುವಂತೆ ಮಾಡಿದೆ. ಅವಳು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬೆರಳಾಡಿಸಿಕೊಂಡು ಹೋದಳು.

"ರಾಜರು ಸಾಲುಗಟ್ಟುತ್ತಿದ್ರು ಅಂತ ಬರ್ದಿದ್ದೀರಿ. ತೇಜಸ್ಸು ಅಂತ ಬರ್ದಿದ್ದೀರಿ. ಹೆಸರೇ ಬರ್ದಿಲ್ಲ. ಓದೋರಿಗೆ ನಿಜ ಹೇಳ್ರೀ. ಇಲ್ದಿದ್ರೆ ಕೊಡಿ ಪೆನ್ನು, ನಾನ್ ಹೇಳ್ತೀನಿ."

ಪೆನ್ನು ಕೊಡಲಿಲ್ಲ. ನಾನೇ ಹೇಳುತ್ತೇನೆ.

ನನ್ನ ಹೆಸರಿನ ಪುಸ್ತಕ ಬರಲೇ ಇಲ್ಲ. ಶಾಯಿ ಕುದಿಯಲಿಲ್ಲ. ಅದನ್ನು ಬರೆಯಲು ನನಗೆ ಶ್ರಾವಣದ ಬಹುಪಾಲು ಬೇಕಾಯಿತು. ಒಂದೊಂದು ಪುಟಕ್ಕೂ ಅಂಜಿ ಏಳುತ್ತಿದ್ದೆ. ನನಗಿಂತ ಮೊದಲು ನನ್ನ ತಾಯಿಗೆ ಮೂರು ಮಕ್ಕಳಾಗಿ ಮೂರೂ ಹೋಗಿದ್ದವು. ಮೂವರಿಗೂ ಒಳ್ಳೊಳ್ಳೆಯ ದೇವರ ಹೆಸರಿಟ್ಟಿದ್ದಳು. ನಾನು ಹುಟ್ಟಿದಾಗ ಅವಳು ಬಾಣಂತಿಮೈಯಲ್ಲೇ ಎದ್ದು, ಕೊಟ್ಟಿಗೆಯ ಹಿಂದಿನ ತಿಪ್ಪೆಯ ಮೇಲೆ ನನ್ನನ್ನು ಮಲಗಿಸಿ ಬಂದಳು. ಪಕ್ಕದ ಮನೆಯವಳು ಎತ್ತಿಕೊಂಡು, "ತಿಪ್ಪೇಲಿ ಒಂದು ಕೂಸು ಸಿಕ್ತು, ಯಾರಿಗಾದ್ರೂ ಬೇಕೇನ್ರವ್ವಾ?" ಎಂದು ಕೂಗಿದಾಗ, ಇವಳು ಒಂದು ಹಿಡಿ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಯಮನಿಗೆ ಕೂಡ ಬೇಡವೆನ್ನಿಸಲಿ ಎಂದು ತಿಪ್ಪಯ್ಯ ಎಂದು ಕಿವಿಯಲ್ಲಿ ಹೇಳಿದಳು. ನೆರಳು ಬಿತ್ತು, ನಾನು ಉಳಿದೆ. ಪುಸ್ತಕವೆಂದರೆ ಇಷ್ಟೇ. ಅದರಲ್ಲಿ ಕೊಲೆಗಾರರಿರಲಿಲ್ಲ.

ಶೆಟ್ಟರು ನನ್ನ ಕಾಲಿಗೆ ಬೀಳಲಿಲ್ಲ. ಓದಿ ಮುಗಿಸಿ ಹಾಳೆಗಳನ್ನು ಒಂದೊಂದಾಗಿ ಜೋಡಿಸಿದರು. ಆಮೇಲೆ ಶಲ್ಯದ ತುದಿಯಿಂದ ಮೂಗೊರೆಸಿಕೊಂಡು, "ಹಿಟ್ಟಿನ ಗಿರಣಿ ಅಂದಿದ್ದು ತಪ್ಪಾಯ್ತು. ಇದಕ್ಕೆ ನಿಮ್ಮ ಹೆಸರೇ ಹಾಕ್ತೀನಿ. ಖರ್ಚಾಗದಿದ್ರೆ ಆಗ್ದೆ ಇರ್ಲಿ" ಎಂದರು. ಅಲ್ಲಿಗೆ ಎಲ್ಲವೂ ಸರಿಯಾಗಿತ್ತು. ಹೊದಿಕೆಯ ಕೆಲಸದವನು ಬಣ್ಣದ ಕುಂಚ ಹಿಡಿದು, "ಏನಂತ ಬರೀಲಿ ಸಾರ್?" ಎಂದು ಕೇಳಿದ. ಬಾಯಿ ತೆರೆದೆ. ಬಸ್ ನಿಲ್ದಾಣದಲ್ಲಿ ಯಾರೋ ಅದನ್ನು ಜೋರಾಗಿ ಓದಿ ನಗುತ್ತಿರುವುದು ನನಗೆ ಕೇಳಿಸಿತು. "ಕುಮಾರಿ ಮಂದಾಕಿನಿ" ಎಂದೆ. ಅಷ್ಟೇ ಮಾಡಿದ್ದರೂ ಒಂದು ಮಾತಿತ್ತು. ಒಳಗೆ ಕೂಸಿನ ಹೆಸರನ್ನೂ ತಿದ್ದಿ ಚಂದ್ರಹಾಸ ಎಂದು ಮಾಡಿದೆ. ತಿಪ್ಪೆಯಿಂದ ಎತ್ತಿದ ಕೂಸಿಗೆ ಚಂದ್ರಹಾಸ. ಶೆಟ್ಟರು ಕರಡು ತಿದ್ದುವಾಗ ನೋಡಿದರು, ನನ್ನ ಕಡೆ ತಿರುಗಲಿಲ್ಲ.

ಗೌರಿ ಹಬ್ಬದ ಹಿಂದಿನ ಸಂಜೆ ಪುಸ್ತಕ ಬಂತು. ಸಾಲು ಹೊಳೆ ದಾಟಲಿಲ್ಲ, ಆದರೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಂದಾಕಿನಿ ಇಡೀ ರಸ್ತೆಯ ಮೇಲೆ ಮಲಗಿದ್ದಳು. ಹೆಂಗಸರು ಬಗ್ಗಿ ಅವಳ ಜಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಯಾರಿಗೂ ತಿಳಿಯದಂತೆ ಹಿಮ್ಮಡಿಯ ಕಡೆ ನೋಡಿದೆ. ಕಲೆಯೂ ಇರಲಿಲ್ಲ. ಬರಿಯ ಕಲ್ಲು. ಕೂಗಿಕೊಳ್ಳೋಣವೆನ್ನಿಸಿತು, ಆದರೆ ಕೈಯಲ್ಲಿ ಯಾರದೋ ಪುಸ್ತಕ, ಸಹಿ ಹಾಕಬೇಕಿತ್ತು.

ಆಗ ರಸ್ತೆಯ ಆಚೆ ಬದಿಯಿಂದ ಯಾರೋ ಕೂಗಿದರು.

"ತಿಪ್ಪಯ್ಯಾ!"

ಕೆಂಪಾಜಮ್ಮ. ಬಾಗಿನದ ಹೊಸ ಮೊರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಪಾತ್ರೆ ಅಂಗಡಿಯ ಮುಂದೆ ನಿಂತಿದ್ದಳು. ಪಾತ್ರೆ ಅಂಗಡಿಯವನ ಕೈಯಿಂದ ಒಂದು ಚರಿಗೆ ಜಾರಿ ಉರುಳುತ್ತ ಬಂತು. ಜನ ಬಾಯಿ ಬಿಟ್ಟುಕೊಂಡು ನಿಂತರು. ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯುವುದೇ! ಹಾಗೆ ಒಂದು ಸಲ ಕರೆದರೆ ಅವನ ಆಯುಸ್ಸಿನಲ್ಲಿ ಅಷ್ಟು ಕಡಿಮೆಯೆಂದು ನಮ್ಮ ಹೆಂಗಸರು ಹಬ್ಬದ ಹಾಡಿನಲ್ಲಿ ಕೂಡ ಗಂಡನ ಹೆಸರು ಬಂದರೆ ಗುಣುಗುಟ್ಟಿ ದಾಟಿಸುತ್ತಾರೆ. ಮದುವೆಯಾದಾಗಿನಿಂದ 'ರೀ' ಬಿಟ್ಟು ಬೇರೆ ಅಂದವಳಲ್ಲ ಇವಳು.

ನಾನು ಏನು ಮಾಡಿದೆನೆಂದು ಕೇಳಿ. ನಾನೂ ಎಲ್ಲರ ಹಾಗೆ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರೆಂದು ಹುಡುಕಿದೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು, "ಯಾರು ಸಾರ್ ತಿಪ್ಪಯ್ಯ ಅಂದ್ರೆ?" ಎಂದಳು.

"ಯಾರೋ ಎಮ್ಮೆ ಕಾಯೋನಿರ್ಬೇಕು," ಎಂದೆ.

ಅದು ಕೆಂಪಾಜಮ್ಮನಿಗೆ ಕೇಳಿಸಿತು. ರಸ್ತೆ ಅಷ್ಟೇನೂ ಅಗಲವಿಲ್ಲ. ಬೈಯುತ್ತಾಳೆಂದುಕೊಂಡೆ, ಮೊರ ಎಸೆಯುತ್ತಾಳೆಂದುಕೊಂಡೆ. ಅವಳು ಮೊರಗಳನ್ನು ಎದೆಗೆ ಅವುಚಿಕೊಂಡಳು. ಸಿಟ್ಟಿಗಲ್ಲ. ಹೆಸರು ಹಿಡಿದರೆ ಆಯುಸ್ಸು ಕಡಿಮೆಯೆಂಬ ಮಾತನ್ನು ಅವಳು ಮನಸಾರೆ ನಂಬಿದ್ದಾಳೆ. ಮೊದಲ ಕೂಗಿಗೆ ನನ್ನ ಆಯುಸ್ಸಿನ ಒಂದು ತುಂಡು ಹೋಯಿತೆಂದು ಅವಳಿಗೆ ಖಾತ್ರಿಯಿತ್ತು, ಇನ್ನೊಂದು ಸಲ ಕೂಗಲು ಉಸಿರೆಳೆದುಕೊಳ್ಳುತ್ತಿದ್ದಳು. ಕೊಲ್ಲುತ್ತಿದ್ದೇನೆಂದು ತಿಳಿದೇ ಉಳಿಸಲು ನೋಡುತ್ತಿದ್ದಳು. ನಾನು ಬರೆದ ಅಷ್ಟೊಂದು ಕೊಲೆಗಳಲ್ಲಿ ಅಂಥ ಮುಖ ಒಂದೂ ಇರಲಿಲ್ಲ.

"ತಿಪ್ಪಯ್ಯಾ..."

"ಓ," ಎಂದೆ.

ಹಿತ್ತಿಲಲ್ಲಿ ಆಡುವ ಮಗು ಅಡುಗೆಮನೆಯ ಕೂಗಿಗೆ ಕೊಡುವಂಥ ಓ. ಅಷ್ಟು ಸಣ್ಣದು ನನ್ನ ಗಂಟಲಿನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಜಡೆ ಮುಟ್ಟುತ್ತಿದ್ದವರು ಕೈ ಹಿಂತೆಗೆದುಕೊಂಡರು. ಯಾರೋ ಕಿಸಕ್ಕೆಂದರು, ಆಮೇಲೆ ಹಲವರು ನಕ್ಕರು. ನಾನು ಹೆದರಿದ್ದಷ್ಟು ಜೋರಾಗಿಯೇ ನಕ್ಕರು. ಸಹಿಗೆ ಪುಸ್ತಕ ಕೊಟ್ಟಿದ್ದ ಹೆಂಗಸು ಅದನ್ನು ನನ್ನ ಕೈಯಿಂದ ಮೆಲ್ಲನೆ ವಾಪಸ್ಸು ತೆಗೆದುಕೊಂಡಳು. ನಾನು ನೆಲ ನೋಡಲಿಲ್ಲ, ಧೈರ್ಯವಿರಲಿಲ್ಲ. ಜನರ ನಡುವೆ ಜಾಗ ಮಾಡಿಕೊಂಡು ಕೆಂಪಾಜಮ್ಮ ಬಂದು ನೋಡಿದಳು. ಜಲಜಾಕ್ಷಮ್ಮನೂ ಎಲ್ಲಿಂದಲೋ ನುಗ್ಗಿ ಬಂದು ಸೊಂಟದ ಮೇಲೆ ಕೈಯಿಟ್ಟು ಬಗ್ಗಿದರು, ಮಂದಾಕಿನಿಯ ಜಡೆಯ ಈ ಕಡೆ, ಆ ಕಡೆ, ನುಚ್ಚಿನಲ್ಲಿ ಕಲ್ಲು ಹುಡುಕುವಂತೆ ಹುಡುಕಿದರು.

"ಚಿಕ್ಕದು," ಎಂದರು ಕೊನೆಗೆ. "ಆದ್ರೆ ತಲೆ ಇದೆ. ನಾಳೆ ಬಾಗಿನಕ್ಕೆ ಬಾರೇ ಕೆಂಪಾಜಿ."

ಈಗಲೂ ಅದು ಚಿಕ್ಕದೇ. ಸಡಿಲ ಅಂಗಿ ತೊಟ್ಟ ಹುಡುಗನಷ್ಟು. ಕೀಲೆಣ್ಣೆಯಂತೆ ಕಪ್ಪಗೇನೂ ಇಲ್ಲ, ಸೈಕಲ್ಲಿನವರು ಯಾರೂ ಬಿದ್ದಿಲ್ಲ. ದಿನಾ ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡು ಒಂದು ಸಲ ಕರೆಯುತ್ತಾಳೆ. ಕರೆದ ಮೇಲೆ ದೇವರಿಗೆ ತುಪ್ಪದ ದೀಪ ಹಚ್ಚಿ ತಪ್ಪು ಒಪ್ಪಿಸುತ್ತಾಳೆ. ನಾನು ಓ ಎನ್ನುತ್ತೇನೆ. ಕರೆಯದ ದಿನ ಅದು ಮಾಸುತ್ತದೆ.

ಹದ್ದುಗಳದ್ದೂ ಸುಳ್ಳು. ಬರೆದವನು ತಿಪ್ಪಯ್ಯ. ಆ ಹೆಸರು ಹೊಡೆದುಹಾಕಿ ಬೇರೆ ಬರೆಯೋಣವೆಂದರೆ ಅವಳು ಇನ್ನೂ ಮೊರ ಹಿಡಿದು ಇಲ್ಲೇ ನಿಂತಿದ್ದಾಳೆ.